‘ಆರಾಮ’ ಅಂದಿದ್ದಕ್ಕೆ ಹೋದ ಗಾದಿ

ನಗರದ ಕ್ರೀಡಾಭವನದ ಆಡಳಿತಾಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡುವುದು ರೂಢಿ. ಆ ಮಾತನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ, ನೀವು ಗಳಿಸಿದರೆ ಕೊಡುತ್ತೇನೆ. ಮೊದಲು ತಕರಾರು ಕೇಳಿ. ಮೊಣಕಾಲಿನ ಆಪರೇಷನ್ ಮುಗಿಸಿ, ಮತ್ತೆ ನಡೆಯಲು ಕಲಿತು, ನಾನು ಜೂಡೋಗೆ ಮರಳುವ ಹೊತ್ತಿಗೆ, ರಾಯಾಪುರದ ದಾರಿಯಲ್ಲಿರುವ ನಿಮ್ಮ ಭವನದಲ್ಲಿ ನನ್ನ ಹೆಸರಿಗಿದ್ದ ಬೆಳಗಿನ ತಾಸನ್ನು ಕಿತ್ತು ಇನ್ನೊಬ್ಬಳಿಗೆ ಕೊಟ್ಟಿದ್ದೀರಿ. ಕಾರಣ ಭ್ರಷ್ಟಾಚಾರವಾಗಿದ್ದರೆ ನನಗೆ ಬರೆಯಲು ಸುಲಭವಿತ್ತು, ಅಭ್ಯಾಸವೂ ಇದೆ. ಕಾರಣ, ಒಂದು ಕನ್ನಡ ಪದ ನಿಮಗೆ ತಿಳಿಯದೇ ಹೋದದ್ದು.

ನೀವು ಮೈಸೂರು ಕಡೆಯಿಂದ ವರ್ಗವಾಗಿ ಬಂದವರು, ಅದು ಅಪರಾಧವಲ್ಲ. ಒಂದು ದಿನ ನೀವೇ ಫೋನ್ ಮಾಡಿ ಹೇಗಿದ್ದೀರಿ ಈರವ್ವ ಮೇಡಂ ಎಂದು ಕೇಳಿದಿರಿ. ಸರ್ಕಾರ ನನ್ನ ಮೊಣಕಾಲನ್ನು ವಿಚಾರಿಸುತ್ತಿದೆಯಲ್ಲ ಎಂದು ಹಿಗ್ಗಿ, “ಈಗ ಪೂರ್ತಿ ಆರಾಮ್ರಿ ಸಾಹೇಬ್ರ” ಅಂದೆ. ನಮ್ಮಲ್ಲಿ ಜಡ್ಡು ಬಿದ್ದವರು ‘ಆರಾಮಿಲ್ಲ’ ಅಂತಾರೆ, ನೆಟ್ಟಗಾದವರು ‘ಆರಾಮ ಆತು’ ಅಂತಾರೆ. ಹಳೇ ಹುಬ್ಬಳ್ಳಿಯ ಯಾವ ಓಣಿಯಲ್ಲಿ ಕೇಳಿದರೂ ಇದೇ ಅರ್ಥ. ನಿಮಗೆ ಕೇಳಿಸಿದ್ದೇ ಬೇರೆ: ಈ ಹೆಂಗಸು ಪೂರ್ತಿ ವಿಶ್ರಾಂತಿಯಲ್ಲಿದ್ದಾಳೆ, ಇನ್ನು ಈ ಕಡೆ ತಲೆ ಹಾಕುವುದಿಲ್ಲ. ಗುಣವಾದೆ ಎಂದು ನಾನು ಸಾರಿದ್ದು ನಿಮ್ಮ ಕಿವಿಯಲ್ಲಿ ರಾಜೀನಾಮೆಯಾಯಿತು. ಚೀಲ ಹೆಗಲಿಗೇರಿಸಿ ಬಂದ ದಿನ ನೀವು ಎಷ್ಟು ಮರುಕದಿಂದ ಮಾತಾಡಿದಿರಿ! “ನೀವೇ ಹೇಳಿದ್ರಲ್ಲ ಮೇಡಂ, ಪೂರ್ತಿ ಆರಾಮ ಅಂತ. ಆರಾಮ ಮಾಡಿ ಪಾಪ.” ನಾನು ಅರ್ಥ ಬಿಡಿಸಿ ಹೇಳಿದೆ. ನಿಮ್ಮ ಗುಮಾಸ್ತರು ಮುಖ ತಿರುಗಿಸಿ ನಕ್ಕರು. ಆದರೂ ಆದೇಶ ಆಗಿಬಿಟ್ಟಿದೆ ಎಂದಿರಿ, ಒಂದು ತಾಸು ಒಬ್ಬರ ಹೆಸರಿಗೆ ಮಾತ್ರ ಎಂದಿರಿ. ಪದದ ಅರ್ಥ ತಪ್ಪಾದರೆ ಆದೇಶ ಹೇಗೆ ಸರಿಯಾಗುತ್ತದೆ ಸ್ವಾಮಿ?

ಈ ಮೊಣಕಾಲು ಹೋದದ್ದೂ ನಿಮ್ಮ ಭವನದಲ್ಲೇ. ಜೂಡೋ ಎಂದರೆ ಎದುರಿನವರನ್ನು ಹಿಡಿದು, ತಿರುಗಿ, ಎತ್ತಿ ಒಗೆಯುವ ವಿದ್ಯೆ. ಬೀಳುವವರಿಗೆ ನೆಲದ ಮೇಲೆ ಗಾದಿ ಬೇಕು. ನಿಮ್ಮ ಗಾದಿಯ ತುಂಡುಗಳ ನಡುವೆ ಸಂದಿ ಬಿದ್ದಿದೆ ಎಂದು ನಾನು ಹೇಳುತ್ತಲೇ ಇದ್ದೆ, ನಿಮ್ಮ ಹಿಂದಿನವರು ನೋಡೋಣ ಅನ್ನುತ್ತಲೇ ಇದ್ದರು. ನೋಡಿದ್ದು ನನ್ನ ಬಲಗಾಲು. ಪಾದ ಸಂದಿಯಲ್ಲಿ ಸಿಕ್ಕಿತು, ಮೈ ತಿರುಗಿತು, ಒಳಗೆ ಲಿಗಮೆಂಟ್ ಹರಿಯಿತು. ಆಮೇಲಿನ ಊರುಗೋಲು, ಕಮೋಡ್ ಖುರ್ಚಿ, ಬಾಗದ ಕಾಲನ್ನು ಬಾಗಿಸುವ ಫಿಸಿಯೋಥೆರಪಿಯ ನರಕ, ಇವನ್ನೆಲ್ಲ ವರ್ಣಿಸಿ ಕಣ್ಣೀರು ಕೇಳುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಜೀವನವಿಡೀ ಧರಣಿಯಲ್ಲಿ ನೆಲದ ಮೇಲೆ ಕೂತವಳು ನಾನು. ಈಗ ಚಕ್ಕಳಮಕ್ಕಳ ಹಾಕಲು ಬಾರದು, ಪೆಂಡಾಲಿನಲ್ಲಿ ನನಗೊಬ್ಬಳಿಗೇ ಪ್ಲಾಸ್ಟಿಕ್ ಖುರ್ಚಿ. ಚಳವಳಿಯ ಹಳೆಯ ಸಂಗಾತಿ ದ್ಯಾಮಣ್ಣ ಮೈಕಿನ ಮುಂದೆಯೇ ಹಂಗಿಸಿದ: “ನಮ್ಮ ಅಕ್ಕಾಗ ಕಡೀಕೂ ಖುರ್ಚಿ ಸಿಕ್ತು ನೋಡ್ರಿ, ಇನ್ನ ಇಳಿಯಂಗಿಲ್ಲ.” ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಸುತ್ತ ಕೂತವರ ಮಡಚಿದ ಮೊಣಕಾಲುಗಳನ್ನು ಒಂದೊಂದಾಗಿ ನೋಡಿ ಕುದ್ದೆ.

ಹೌದು, ಹೊಟ್ಟೆಕಿಚ್ಚು. ಬಹಿರಂಗ ಪತ್ರಗಳಲ್ಲಿ ಈ ಪದ ಬರುವುದಿಲ್ಲ. ನಾವು ನ್ಯಾಯ, ಹಕ್ಕು, ಸಮಾನತೆ ಎಂದು ಬರೆಯುತ್ತೇವೆ. ನನಗೂ ಬರೆಯಲು ಬರುತ್ತದೆ. ಆದರೆ ನಿಮ್ಮ ಭವನದ ಕಿಟಕಿಯ ಸರಳು ಹಿಡಿದು ಹೊರಗೆ ನಿಂತ ಬೆಳಿಗ್ಗೆ ನನ್ನ ಎದೆಯಲ್ಲಿ ಇದ್ದದ್ದು ಸಮಾನತೆಯಲ್ಲ. ಒಳಗೆ ಮಾನಸಿ ಇದ್ದಳು. ಧಾರವಾಡದವಳು, ಕೋರ್ಟಿನಲ್ಲಿ ವಕೀಲೆ, ವರ್ಷಗಳಿಂದ ಜೂಡೋ ಅಭ್ಯಾಸದಲ್ಲಿ ನನ್ನ ಜೋಡಿ. ನಾನು ಪಟ್ಟು ಕಲಿಸಿದ ಹುಡುಗಿ ನನ್ನ ತಾಸಿನಲ್ಲಿ, ನನ್ನ ಗಾದಿಯ ಮೇಲೆ, ನನ್ನ ಶಿಷ್ಯೆಯರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಒಗೆಯುತ್ತಿದ್ದಳು. ಅದೂ ಎಷ್ಟು ಛಲೋ ಒಗೆಯುತ್ತಿದ್ದಳು! ಬಲಗಾಲಿನ ಮೇಲೆ ಬುಗುರಿಯಂತೆ ತಿರುಗುತ್ತಿದ್ದಳು. ನನ್ನ ಕಾಲು ನುಂಗಿದ ಆ ಸಂದಿಗೆ ತಾನೇ ನೀಲಿ ಟೇಪ್ ತಂದು ಹಚ್ಚಿದ್ದಳು. ಆ ಟೇಪಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಒಂದು ಕ್ಷಣ ಅದು ಕಿತ್ತುಹೋಗಲಿ ಅನ್ನಿಸಿತು. ಇದನ್ನೂ ಬರೆದಿದ್ದೇನೆ, ಓದಿಕೊಳ್ಳಿ.

ನಿಮ್ಮ ಮೇಲೂ ಕಿಚ್ಚಿದೆ, ಬೇಸರ ಬೇಡ. ಸಂಜೆ ಅದೇ ಭವನದಲ್ಲಿ ಅಧಿಕಾರಿಗಳ ಶಟಲ್ ಆಟ ನಡೆಯುತ್ತದೆ. ಗಾದಿಯ ತುಂಡುಗಳನ್ನು ಗೋಡೆಗೆ ಒಟ್ಟಿ, ಅವುಗಳ ಮೇಲೆ ಬೂಟು ಬಿಟ್ಟು, ನೀವು ಚೆಂಗನೆ ಹಾರಿ ಹೊಡೆಯುವುದನ್ನು ಕಂಡಿದ್ದೇನೆ. ಹೊಟ್ಟೆ ಒಂದು ಗಳಿಗೆ ತಡವಾಗಿ ಇಳಿಯುತ್ತದೆ, ಆದರೆ ಮೊಣಕಾಲು ಎಂಥವು ಸ್ವಾಮಿ, ಬಂಗಾರದಂಥವು! ಆ ಆಟಕ್ಕೆ ಎಷ್ಟು ಹೆಸರು ಬರೆದಿದ್ದೀರಿ? ಒಂದು ತಾಸು ಒಬ್ಬರ ಹೆಸರಿಗೆ ಎಂಬ ನಿಯಮ ಸಂಜೆಯಾದರೆ ಮನೆಗೆ ಹೋಗುತ್ತದೆಯೇ?

ಈಗ ಮಾನಸಿಯ ಮಾತು. ಆಕೆ ಧಾರವಾಡದ ನೀರು ಕುಡಿದವಳು, ‘ಆರಾಮ’ ಅಂದರೆ ಏನೆಂದು ಆಕೆಗೆ ಯಾರೂ ಕಲಿಸಬೇಕಿಲ್ಲ. ಈರವ್ವನವರು ಪೂರ್ತಿ ಆರಾಮವಂತೆ, ತಾಸು ನೀವು ತಗೊಳ್ಳಿ ಎಂದು ನೀವು ಹೇಳಿದಾಗ ಯಾಕೆ ಬಾಯಿ ಬಿಡಲಿಲ್ಲ? ಕೇಳಲೆಂದೇ ಆಕೆಯನ್ನು ಮನೆಗೆ ಕರೆದೆ. ಚಹಾ ಆರಿತು. ಜಗಳಕ್ಕೆ ನಾನು ಪೂರಾ ತಯಾರಿದ್ದೆ, ಆಕೆ ಸುಳ್ಳು ಹೇಳಿದ್ದರೆ ಗೆದ್ದೂ ಬಿಡುತ್ತಿದ್ದೆ.

“ಗೊತ್ತಿತ್ರಿ ಅಕ್ಕಾ,” ಅಂದಳು. “ಸಾಹೇಬ್ರು ಅಂದ ಕೂಡಲೇ ಗೊತ್ತಾತು, ನೀವು ನೆಟ್ಟಗಾಗೀರಿ ಅಂತ. ಸುಮ್ಮನಿದ್ದೆ. ಇಷ್ಟು ವರ್ಷ ಒಗಿಯಾಕಿ ನೀವು, ಬೀಳಾಕಿ ನಾನು. ಹುಡುಗ್ಯಾರಿಗೆ ತೋರಸೂಮುಂದ ಒಮ್ಮೆರೆ ನನಗ ಒಗಿ ಅಂದೀರೇನು? ಕಿಟಕಿ ಹೊರಗ ನಿಂತು ನೀವು ಈಗ ಉರಕೊಂಡ್ರಿ, ನೋಡೇನಿ. ನಾನು ಗಾದಿ ಮ್ಯಾಲೆ ಬಿದ್ದಕೊಂಡ ಉರದೇನಿ.”

ಎದ್ದು ಹೋಗಿ ಆಕೆಯ ಚಹಾ ಮತ್ತೆ ಬಿಸಿ ಮಾಡಿ ತಂದೆ. ಕಿಚ್ಚು ಆರಿತು ಎಂದು ತಿಳಿಯಬೇಡಿ. ಆಕೆಯ ಆ ಬಲಗಾಲು ಕಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಒಂದು ಪ್ರಶ್ನೆ ಎದ್ದಿತು, ಅದು ನಿಮಗೆ. ಅವಳಿ ನಗರ ಎಂದು ಬೋರ್ಡು ಬರೆಸುತ್ತೀರಿ, ಎರಡೂ ಊರಿನ ಹೆಣ್ಣುಮಕ್ಕಳಿಗೆ ನಿಮ್ಮ ಭವನದಲ್ಲಿ ಇರುವುದು ಒಂದು ಗಾದಿ, ಒಂದು ತಾಸು, ಒಂದು ಹೆಸರು. ಇಷ್ಟೇ ಕೊಟ್ಟು ನಮ್ಮನ್ನು ಎದುರುಬದುರು ಬಿಟ್ಟರೆ ನಾವು ಒಬ್ಬರನ್ನೊಬ್ಬರು ನೋಡಿ ಉರಿಯದೆ ಆರತಿ ಎತ್ತಬೇಕಿತ್ತೆ?

ನನ್ನ ಮೊಣಕಾಲಿನ ಸ್ಥಿತಿಯನ್ನೂ ತಿಳಿದುಕೊಳ್ಳಿ. ಡಾಕ್ಟರು ಒಗೆಯಲು ಇನ್ನೂ ಬಿಟ್ಟಿಲ್ಲ, ಕಾಲಿನ ಮೇಲೆ ತಿರುಗುವುದು ಸದ್ಯಕ್ಕೆ ಬಂದ್. ಬೀಳಲು ಬಿಟ್ಟಿದ್ದಾರೆ. ಮೆಲ್ಲಗೆ, ಕಡಿಮೆ ಎತ್ತರದಿಂದ, ಗಾದಿಯ ಮೇಲೆ. ಇದು ಈಗ ಆಗದಿದ್ದರೆ ಅಂಜಿಕೆ ಮೈಯಲ್ಲಿ ಗಟ್ಟಿಯಾಗಿ ನಾನು ಎಂದೂ ಮರಳುವುದಿಲ್ಲ ಎಂದೂ ಅಂದಿದ್ದಾರೆ. ನಮ್ಮ ಮನೆಯ ನೆಲ ಶಹಾಬಾದ ಕಲ್ಲಿನದು. ಅದರ ಮೇಲೆ ಬೀಳಲೇ?

ಆದ್ದರಿಂದ ಬೇಡಿಕೆ ಕೇಳಿ, ಇದು ವಿನಂತಿಯಲ್ಲ. ಬೆಳಗಿನ ಆ ತಾಸನ್ನು ಮಾನಸಿಯಿಂದ ಕಿತ್ತು ನನಗೆ ಕೊಡಬೇಡಿ, ಇಬ್ಬರ ಹೆಸರಿಗೂ ಬರೆಯಿರಿ. ಗಾದಿಯ ಮೇಲಿನ ನಿಮ್ಮ ಬೂಟು ತೆಗೆಯಿರಿ. ಇಬ್ಬರ ಹೆಸರಿನ ಅರ್ಜಿಗೆ ನನ್ನ ಜೊತೆ ಸಹಿ ಹಾಕಲು ಮಾನಸಿ ಒಪ್ಪಿದ್ದಾಳೆ, ಒಂದು ಶರತ್ತಿನ ಮೇಲೆ. ಅಂದು ಚಹಾ ಕುಡಿದು, ಹೊಸಲು ದಾಟುತ್ತ, ಚಪ್ಪಲಿ ಮೆಟ್ಟುತ್ತ ಹೇಳಿ ಹೋದಳು: “ಮೊದಲನೇ ದಿನ ಹುಡುಗ್ಯಾರ ಮುಂದ ನಾನು ಒಗೀತೇನಿ, ನೀವು ಬೀಳಬೇಕು. ಮೆಲ್ಲಕ ಇಳಸ್ತೇನಿ, ಅಂಜಬ್ಯಾಡ್ರಿ.”

ಒಪ್ಪಿದ್ದೇನೆ. ಹಲ್ಲು ಕಚ್ಚಿ ಒಪ್ಪಿದ್ದೇನೆ. ಆ ದಿನ ಆದೇಶ ಹಿಡಿದು ನೀವೂ ಬನ್ನಿ. ಬಿದ್ದಲ್ಲಿಂದಲೇ ತಲೆ ಎತ್ತಿ ನಿಮ್ಮನ್ನು ಮಾನ್ಯರೇ ಎಂದು ಕರೆಯುತ್ತೇನೆ.

ಇಂತಿ,
ಪೂರ್ತಿ ಆರಾಮ ಆಗಿಯೂ ಒಂದು ಗಳಿಗೆ ಆರಾಮ ಇಲ್ಲದ,
ಈರವ್ವ
ಹಳೇ ಹುಬ್ಬಳ್ಳಿ