ಒಳಗೆ ಮಲಗಿದ್ದಾರೆ

ಅಪ್ಪಾ,

ನಮ್ಮ ವಂಶಾವಳಿ ಬರೆಯೋಣವೆಂದು ಇವತ್ತು ನಿಮ್ಮನ್ನು ಹುಡುಕಿಕೊಂಡು ಹೋಗಿದ್ದೆ. ಚರ್ಚಿನ ಮರಣದ ದಾಖಲೆಯಲ್ಲಿ ನೀವಿರಲಿಲ್ಲ. ಅಲ್ಲಿಂದ ದಾಖಲೆಗಳ ಕಚೇರಿಗೆ ಹೋದರೆ, ಹಳೇ ಜನಗಣತಿಯ ಹಾಳೆಗಳ ಮೇಲೆ ಬೆರಳಾಡಿಸಿದ ಹೆಂಗಸು, "ಇಲ್ಲೇ ಇದ್ದಾರಲ್ಲಮ್ಮಾ, ಮನೇಲೇ!" ಎಂದಳು. ನೀವು ಹೇಳದೆ ಕೇಳದೆ ಹೊರಟುಹೋದ ಮೇಲಿನ ಗಣತಿ ಅದು. ಮನೆಯ ಯಜಮಾನರು ನೀವೇ, ಕಸುಬು ಗಡಿಯಾರ ರಿಪೇರಿ.

ಆಗ ನೆನಪಾಯಿತು. ಗಣತಿಯವರು ಬಂದಾಗ ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ, "ಮೆಲ್ಲಗೆ ಮಾತಾಡಿ, ಅವರು ಒಳಗೆ ಮಲಗಿದ್ದಾರೆ" ಎಂದಿದ್ದಳು. ನಾವು ನಿಮ್ಮ ಹೆಸರೆತ್ತಿದರೆ ಹರಿಹಾಯುತ್ತಿದ್ದವಳು! ಮುಂದಿನ ಗಣತಿಯಲ್ಲೂ ನೀವಿದ್ದೀರಿ, ಮಲಗಿದಲ್ಲೇ ಹತ್ತು ವರ್ಷ ದೊಡ್ಡವರಾದಂತೆ.

ಈಗ ಅಮ್ಮನೂ ಇಲ್ಲದ ಮನೆಗೆ ಮರಳಿದೆ. ನಿಮ್ಮ ಕೋಣೆಯ ಮುಂದೆ ಯಾಕೋ ಹೆಜ್ಜೆ ಸದ್ದಾಗದಂತೆ ನಡೆದೆ.