ಹಸಿಮಾತಿನ ಸರದಿ ಷಡ್ಡಕನಿಗೆ ಹೋದ ವರ್ಷ

ಕೋಡಿಮೂಲೆ,
ಫೆಬ್ರವರಿ ಮೂವತ್ತು, 2231

ಮೂವತ್ತು ವರ್ಷವೂ ತುಂಬದ ನನ್ನ ಅಜ್ಜಿ ವಿಶಾಲಾಕ್ಷಿಗೆ, ನಿನ್ನ ಮೊಮ್ಮಗನ ಮೊಮ್ಮಗನ ಮಗ ಕದಿರಪ್ಪ ಮಾಡುವ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ನಮ್ಮವರು ಅದಕ್ಕೂ ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ನಿನಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸು, ಬಿಡಿಸಿ ಹೇಳುತ್ತಾ ಹೋಗುತ್ತೇನೆ. ವರಸೆಯಲ್ಲಿ ಅಜ್ಜಿಯಾದರೂ ವಯಸ್ಸಿನಲ್ಲಿ ನೀನು ನನ್ನ ಮಗಳಷ್ಟಿದ್ದೀಯೆ, ಅದಕ್ಕೇ ಏಕವಚನ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ. ಅಷ್ಟು ಹೊತ್ತಿಗೆ ನನಗೆ ಕಲಿಸಲು ಮೇಷ್ಟರ ಬಳಿ ಏನೂ ಉಳಿದಿರಲಿಲ್ಲ.

ನಿನ್ನ ವಿಷಯವನ್ನು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ನಿನ್ನ ಕಾಲದಲ್ಲಿ ಡೆವಲಪರ್ ಆದವರು ಸೋಷಿಯಲ್ ಮೀಡಿಯಾ ಕಂಪನಿಗೆ ಅರ್ಜಿ ಹಾಕಿ ಒಂದು ಕೀಲಿ ಪಡೆದರೆ ಸಾಕಂತೆ, ಲೋಕದ ಜನ ಬರೆದದ್ದೆಲ್ಲ ಬರೆದ ಗಳಿಗೆಗೇ ಹರಿದು ಬರುತ್ತಿತ್ತಂತೆ. ಜನ ಕರೆಂಟು ಹೋಯಿತೆಂದು ಗೊಣಗುವುದನ್ನೇ ಆಯ್ದು, ಯಾವ ಬೀದಿಯಲ್ಲಿ ಕತ್ತಲೆಯಿದೆ ಎಂದು ನಕ್ಷೆಯಲ್ಲಿ ತೋರಿಸುವ ಆ್ಯಪ್ ಮಾಡಿದವಳು ನೀನು. ಗೊಣಗಿದವರ ಎದುರು ಹೋಗಿ ನಿಲ್ಲುವ ಕಷ್ಟವೇ ಇರಲಿಲ್ಲವಂತೆ. ಅದನ್ನು ಕೇಳಿದಾಗಲೆಲ್ಲ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಗುತ್ತದೆ.

ನಮ್ಮಲ್ಲಿ ಹಾಗಿಲ್ಲ. ನಾವೆಲ್ಲ ಕೊರಳಲ್ಲಿ ನುಡಿಮಣಿ ಕಟ್ಟಿಕೊಂಡಿರುತ್ತೇವೆ. ಅದನ್ನು ಮುಟ್ಟಿ ಮಾತಾಡಿದರೆ ಮಾತು ನೆಂಟರಿಷ್ಟರಿಗೆ ತಲುಪುತ್ತದೆ, ಜೊತೆಗೆ ಊರಿನ ಮಾತುಗೆರೆಗೂ, ಅಂದರೆ ಮಾತಿನ ಕೆರೆಗೂ, ಬಂದು ಬೀಳುತ್ತದೆ. ಅಲ್ಲಿ ಅದು ಒಂದು ವಾರ ನಿಂತು ತಿಳಿಯಾಗಬೇಕು. ಆಡಿ ಪಶ್ಚಾತ್ತಾಪ ಪಟ್ಟವರು ಅಷ್ಟರೊಳಗೆ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಉಳಿದದ್ದು ತಿಳಿಮಾತು, ಅದನ್ನು ನನ್ನಂಥ ಹೆಣಿಗೆಯವರು, ಅಂದರೆ ನಿಮ್ಮ ಡೆವಲಪರುಗಳು, ಯಾರು ಬೇಕಾದರೂ ಒಯ್ಯಬಹುದು. ಒಯ್ದು ಮಾಡುವುದೇನು? ಯಾರದೋ ಕೋಳಿ ಕಳೆದಿದೆ ಎಂದು ನಾನು ಹುಡುಕಲು ಹೊರಡುವ ಹೊತ್ತಿಗೆ ಅದು ಸಿಕ್ಕಿ, ಸಾರಾಗಿ, ಪಾತ್ರೆ ತೊಳೆದಿಟ್ಟೂ ಆಗಿರುತ್ತದೆ. ಆಡಿದ ಗಳಿಗೆಯ ಹಸಿಮಾತು ಸಿಗುವುದು ವರ್ಷಕ್ಕೆ ಒಬ್ಬರಿಗೆ ಮಾತ್ರ, ಸರದಿಯ ಮೇಲೆ. ಹಿಂದೆ ಕೆರೆಯ ನೀರನ್ನು ಗದ್ದೆಗೆ ಬಿಡಲು ನೀರುಗಂಟಿ ಇದ್ದ ಹಾಗೆ, ಈಗ ಮಾತುಗಂಟಿ ಮುನಿವೆಂಕಟಮ್ಮ ಇದ್ದಾಳೆ. ಸರದಿ ಬೇಕಾದವರು ಕೆರೆ ಏರಿಯ ಮೇಲೆ ನಿಂತು, ನಿಮ್ಮ ಮಾತಿನಿಂದ ನಾನು ಇಂಥದ್ದು ಮಾಡುತ್ತೇನೆ ಎಂದು ಊರವರ ಮುಖ ನೋಡಿ ಹೇಳಬೇಕು. ಕೇಳಿದವರು 'ಕೊಟ್ಟೆ' ಅನ್ನಬೇಕು, ಇಲ್ಲವೇ 'ಬೇಡ' ಅನ್ನಬೇಕು. ಹೆಚ್ಚು ಜನರಿಂದ 'ಕೊಟ್ಟೆ' ಅನ್ನಿಸಿಕೊಂಡವರಿಗೆ ಆಕೆ ತೂಬು ತೆಗೆಯುತ್ತಾಳೆ.

ಈ ವರ್ಷ ನಿಂತವರು ಇಬ್ಬರು, ನಾನು ಮತ್ತು ನನ್ನ ಷಡ್ಡಕ ತಿಮ್ಮರಾಯಪ್ಪ. ನನ್ನ ಹೆಣಿಗೆಯ ಹೆಸರು ಒಗ್ಗರಣೆಗಣ್ಣು. ಯಾವ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಹಸಿಮಾತಿನಿಂದಲೇ ಹಿಡಿದು, ಊಟದ ಹೊತ್ತಿಗೆ ಯಾರ ಮನೆಗೆ ಹೋದರೆ ಲಾಭ ಎಂದು ತಿಳಿಸುತ್ತದೆ. ಇಂಥ ಬುದ್ಧಿ ಸುತ್ತಲಿನ ಯಾವ ಊರಿನವನಿಗೂ ಹೊಳೆದಿಲ್ಲ. ಮೊದಲು 'ಬೇಡ' ಅಂದವಳು ನನ್ನ ಹೆಂಡತಿ ಸೊಣ್ಣಮ್ಮ. ಆಮೇಲೆ ಅಡುಗೆ ಮಾಡುವವರೆಲ್ಲ ಅವಳ ಹಿಂದೆ ನಿಂತರು. ತಿಮ್ಮರಾಯಪ್ಪನ ಹೆಣಿಗೆ ಬರೀ ಒಂದು ಬಾರಿಸುವ ಗಂಟೆ. ಒಂಟಿಯಾಗಿರುವವರ ಮಣಿ ಬೆಳಗಿನಿಂದ ಸುಮ್ಮನಿದ್ದರೆ ಅದು ಅವರ ಹೆಸರು ಹೇಳಿ ಬಾರಿಸುತ್ತದೆ, ಅವನು ಕಾಫಿ ತೆಗೆದುಕೊಂಡು ಹೋಗಿ ನೋಡಿ ಬರುತ್ತಾನೆ. ಇಷ್ಟೇ. ಈ ಸಪ್ಪೆ ಯೋಜನೆಗೆ ಇಡೀ ಏರಿ 'ಕೊಟ್ಟೆ' ಅಂದಿತು. ಕಿವುಡ ಮುದುಕರು ಕೂಡ ಪಕ್ಕದವರನ್ನು ಕೇಳಿ ತಿಳಿದುಕೊಂಡು ಕೂಗಿದರು.

ಅವನ ಗಂಟೆ ಕೆಲಸಕ್ಕೆ ಬಾರದ್ದೆಂದು ತೋರಿಸದೆ ನನಗೆ ಅನ್ನ ಸೇರುವಂತಿರಲಿಲ್ಲ. ಸೊಣ್ಣಮ್ಮ ಮಗಳ ಮನೆಗೆ ಹೋದ ದಿನ ಬಾಗಿಲಿಗೆ ಅಗುಳಿ ಹಾಕಿ, ಮಣಿ ಮುಟ್ಟದೆ, ಬಾಯಿ ಮುಚ್ಚಿ ಕೂತೆ. ನಾನು ಹಾಗೆ ಕೂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಮಧ್ಯಾಹ್ನವಾದರೂ ಯಾರೂ ಬಾಗಿಲು ತಟ್ಟಲಿಲ್ಲ. ಗೆದ್ದೆ ಅಂದುಕೊಂಡು ಒಬ್ಬನೇ ನಕ್ಕೆ. ಹೊತ್ತು ಇಳಿಯುತ್ತಾ ಬಂದ ಹಾಗೆ ನಗು ಬರುವುದು ನಿಂತಿತು. ಸತ್ತಿದ್ದರೂ ಕೇಳುವವರಿಲ್ಲವಲ್ಲ ಅನ್ನಿಸಿತು. ಸಂಜೆ ಅಗುಳಿ ತೆಗೆದರೆ ಹೊಸ್ತಿಲ ಮೇಲೆ ಒಂದು ಫ್ಲಾಸ್ಕು. ಕಾಫಿ ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡೇ ಷಡ್ಡಕನ ಮನೆಗೆ ಹೋಗಿ ಇದೇನೆಂದು ಕೇಳಿದೆ.

"ಮಧ್ಯಾಹ್ನಕ್ಕೆ ಮುಂಚೇನೇ ಗಂಟೇಲಿ ನಿನ್ನ ಹೆಸ್ರು ಬಂತಣ್ಣ," ಅಂದ ತಿಮ್ಮರಾಯಪ್ಪ. "ಓಡ್ಬಂದು ಕಿಟಕೀಲಿ ಬಗ್ಗಿ ನೋಡ್ದೆ, ಮುದ್ದೆ ನುಂಗ್ತಾ ಚೆನ್ನಾಗೇ ಇದ್ದೆ. ಬಾಗ್ಲು ತಟ್ಟೋಣ ಅಂದ್ರೆ ಊರೋರು ಬಿಡ್ಲಿಲ್ಲ. ಇವತ್ತೊಂದಿನ ಹಂಗೇ ಬಾಯ್ಮುಚ್ಕೊಂಡಿರ್ಲಿ ಬಿಡು ಅಂದ್ರು."

ನಾನು ಮನೆಗೆ ಬಂದು ಆ ಕಾಫಿ ಕುಡಿದೆ. ಚೆನ್ನಾಗಿತ್ತು, ಅದೂ ಹೊಟ್ಟೆ ಉರಿಸಿತು. ಅಜ್ಜಿ, ಅಲ್ಲಿಯವರೆಗೆ ನಿನ್ನ ಮೇಲಿದ್ದ ಹೊಟ್ಟೆಕಿಚ್ಚು ಅಂದಿನಿಂದ ಅವನ ಕಡೆಗೆ ತಿರುಗಿದೆ. ನಿನಗೆ ಕೀಲಿ ಕೊಟ್ಟದ್ದು ಕಂಪನಿ, ಅದನ್ನು ಯಾವತ್ತು ಬೇಕಾದರೂ ಕಿತ್ತುಕೊಳ್ಳಬಹುದಿತ್ತು. ಅವನಿಗೆ ಮಾತು ಆಡಿದವರೇ ಕೊಟ್ಟಿದ್ದಾರೆ. ನನಗೂ ಅದೇ ಬೇಕು.

ಅದಕ್ಕೆ ಒಂದು ಉಪಕಾರ ಮಾಡು. ನೀನು ಮಾಡಿದ ಆ್ಯಪ್‌ಗಳಲ್ಲಿ ಯಾವುದನ್ನು ನೋಡಿ ಜನ ತಾವಾಗಿ ಬಂದು, ನನ್ನ ಮಾತನ್ನೂ ತೆಗೆದುಕೋ ತಾಯಿ ಅಂದರೋ, ಅದನ್ನು ಬರೆದಿಡು. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ. ನಮ್ಮ ಕೆರೆಯ ತೂಬಿನ ಕಲ್ಲು ನಿನ್ನ ಕಾಲದ್ದೇ, ಅದರ ಮೇಲೆ ಕೆತ್ತಿಸು. ಬರುವ ವರ್ಷ ಏರಿಯ ಮೇಲೆ ನಿಂತು ನನ್ನದೇ ಯೋಚನೆ ಎಂದು ಹೇಳುತ್ತೇನೆ. ಹಾಗೆ ಯಾರೂ ಬಂದು ಹೇಳಿಲ್ಲವಾದರೆ, ಈಗಲಾದರೂ ನಾಲ್ಕು ಮನೆಗೆ ಹೋಗಿ ಕೇಳು. ಇನ್ನೊಂದು ಮಾತು. ತಿಮ್ಮರಾಯಪ್ಪನ ಕಡೆಯ ಅಜ್ಜಿಯೂ ನಿನ್ನ ಕಾಲದಲ್ಲಿ ಅದೇ ಬೀದಿಯಲ್ಲಿದ್ದಳಂತೆ. ಅವಳು ಕಾಫಿಗೆ ಕರೆದರೆ ಹೋಗಬೇಡ.

ಇವತ್ತು ಬೆಳಿಗ್ಗೆ ತೂಬಿನ ಹತ್ತಿರ ಹೋಗಿ ನೋಡಿ ಬಂದೆ. ಕಲ್ಲು ಇನ್ನೂ ಖಾಲಿಯಿದೆ. ಬೇಗ ಬರೆ.

ನಿನ್ನ ಕದಿರಪ್ಪ