ಸಾಬವ್ವನ ಕೋಳಿ

೭ ಡಿಸೆಂಬರ್ ೧೯೪೭, ಭಾನುವಾರ. ಅಫಜಲಪುರ

ಚರ್ಚಿನಲ್ಲಿ ಚಾಪೆ ಹಾಸಿದೆ. ಹಾಡಿನ ಪುಸ್ತಕ ಹಂಚಿದೆ. ಸಾಹಿತ್ಯ ಓದಿ ಬಿ.ಎ. ಮಾಡಿ ಬಂದವನಿಗೆ ಸದ್ಯಕ್ಕೆ ಇದೇ ಡ್ಯೂಟಿ. ಅಪ್ಪ ಜೋಳದ ವ್ಯಾಪಾರಿ, ಸಭೆಯ ಹಿರಿಯರು. ಮುಂದಿನ ಕುರ್ಚಿ ಅವರದು. ಉಳಿದವರಿಗೆ ಚಾಪೆ.

ಇವತ್ತು ಸಾಬವ್ವನ ವಿಚಾರಣೆ. ಗಂಡ ಸತ್ತವಳು, ಒಬ್ಬಳೇ ಮಗಳು ಗಂಗು. ಜ್ವರ ಬಂದು ಮಗುವಿನ ಕಾಲಿನ ಶಕ್ತಿ ಹೋದಾಗ ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ಕಾಯಿ ಒಡೆಸಿದಳಂತೆ.

"'ಕ್ರಿಸ್ತನ್ನ ಬಿಟ್ಟಿದ್ದೆ' ಅಂತ ಸಭಾದ ಮುಂದ ಹೇಳು" ಅಂದರು ಅಪ್ಪ.

"ಕಾಯಿ ಒಡಿಸಿದ್ದು ತಪ್ಪಾತ್ರಿ, ಹಿರ್ಯಾರ. ಆದ್ರ ಯೇಸುಸ್ವಾಮಿನ್ನ ಬಿಟ್ಟಿಲ್ರಿ. ಘತ್ತರಗಿ ಹಾದಿ ತುಂಬ ಅವನ ಹೆಸರಽ ಹೇಳ್ಕೋತ ಹೋಗೇನಿ."

ಯಾರೋ ನಕ್ಕರು. ಅಪ್ಪ ನಗಲಿಲ್ಲ. "ಬಿಟ್ಟಿದ್ದೆ ಅನ್ನೂತನಕ ನಿನಗ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ನಿನ್ನ ಕಾಣಿಕೆನೂ ಬ್ಯಾಡ."

ಅವಳು ಆ ಮಾತು ಅನ್ನಲಿಲ್ಲ. ನಾನು ಚಾಪೆ ಸುತ್ತಿಟ್ಟೆ.

೨೨ ಫೆಬ್ರವರಿ ೧೯೪೮

ಸುಗ್ಗಿ ಹಬ್ಬ. ಜನ ತಂದ ತೆನೆ, ತತ್ತಿ, ಕೋಳಿ, ಕುಂಬಳಕಾಯಿ — ಆರಾಧನೆ ಮುಗಿದ ಮೇಲೆ ಎಲ್ಲ ಸವಾಲಿಗೆ. ಹೆಚ್ಚು ಕೂಗಿದವರಿಗೆ ವಸ್ತು, ದುಡ್ಡು ಚರ್ಚಿಗೆ. ಅಪ್ಪ ತಾವು ಕೊಟ್ಟ ಕುಂಬಳಕಾಯಿಯನ್ನು ತಾವೇ ಕೂಗಿ ತಗೊಂಡರು. ಚಪ್ಪಾಳೆ. ಕಾಯಿ ಬಂದ ಬಂಡಿಯಲ್ಲೇ ಮನೆಗೆ ವಾಪಸು.

ಅದಕ್ಕೂ ಮುಂಚೆ, ಹಿಂದಿನ ಬಾಗಿಲಲ್ಲಿ ಸಾಬವ್ವ. ಕೈಯಲ್ಲೊಂದು ಕೆಂಪು ಕೋಳಿ. "ತಮ್ಮಾ, ಇದನ್ನೂ ಅವುಗಳ ಕೂಡ ಕಟ್ಟು. ನನ್ನ ಹೆಸರು ಹೇಳಬ್ಯಾಡ. ಕೊಡಾಕತ್ತಿದ್ದು ಯೇಸುಸ್ವಾಮಿಗಿ, ಹಿರ್ಯಾರಿಗಲ್ಲ."

ಕಟ್ಟಿದೆ.

ಸವಾಲಿನಲ್ಲಿ ಆ ಕೋಳಿಗೆ ನಮ್ಮ ಸಭೆಯ ಧರ್ಮಣ್ಣ ಪಟ್ಟು ಹಿಡಿದು ಕೂಗಿದ. ಅಪ್ಪ ಬಿಡುತ್ತಾರೆಯೇ? "ಧರ್ಮಣ್ಣಾ, ಒಂದ್ ಕೋಳಿಗಿ ಇಷ್ಟು ಜೀವಾ ಬಿಟ್ರ ಸ್ವರ್ಗಕ್ಕ ಏನ್ ಉಳಸ್ತಿ?" ಎಲ್ಲರೂ ನಕ್ಕರು. ಅಪ್ಪ ಗೆದ್ದರು. ಕಾಲು ಹಿಡಿದು ಕೋಳಿಯನ್ನು ಮೇಲೆತ್ತಿ ಸಭೆಗೆ ತೋರಿಸಿದರು. ಕಿಟಕಿಯ ಹೊರಗೆ ಸಾಬವ್ವ ಕಣ್ಣು ಮುಚ್ಚಿ ನಿಂತಿದ್ದಳು.

ಜುಲೈ, ತಾರೀಖು ನೆನಪಿಲ್ಲ

ನಿಜಾಮನ ಕಡೆಯ ರಜಾಕಾರರು ಚೌಡಾಪುರದ ಕಡೆ ಬಣವೆ ಸುಟ್ಟರಂತೆ. ಅರ್ಧ ಓಣಿ ಖಾಲಿ. ಪಕ್ಕದ ಮನೆಯ ರಸೂಲ ಬಂದು ಹೇಳಿದ — "ಹೊಂಡ್ರಿ ಹಿರ್ಯಾರ. ಮನಿ ನಾ ನೋಡ್ಕೋತೇನಿ." ಗಡಿಯಾಚೆ ಸೊಲ್ಲಾಪುರಕ್ಕೆ ಹೋಗೋಣ ಅಂತಾರೆ ಅಪ್ಪ.

೯ ಆಗಸ್ಟ್, ಸಂಜೆ. ಅಕ್ಕಲಕೋಟೆ ದಾರಿಯಲ್ಲಿ, ಮರದ ಕೆಳಗೆ

ಬೆಳಿಗ್ಗೆ ಬಂಡಿ ತುಂಬಿದೆವು. ಟ್ರಂಕು, ಜೋಳದ ಚೀಲ, ಚರ್ಚಿನ ಆ ಕುರ್ಚಿ, ಕೋಳಿ ಬುಟ್ಟಿ. ಸಾಬವ್ವ ಬಂದಳು, ಸೊಂಟದ ಮೇಲೆ ಗಂಗು.

"ನಾ ನಡಕೋತ ಬರ್ತೇನ್ರಿ. ಕೂಸಿಗೊಂದೀಟು ಜಾಗಾ ಕೊಡ್ರಿ."

"'ಬಿಟ್ಟಿದ್ದೆ' ಅಂತ ಆ ಒಂದ್ ಮಾತು ಅನ್ನು. ಈಗ ಕೂಡಿಸ್ತೇನಿ" ಅಂದರು ಅಪ್ಪ.

ಮಗಳ ಮುಖ ನೋಡಿದಳು. "ಅಂವ ನನ್ನ ಬಿಟ್ಟಿಲ್ರಿ. ನಾ ಅವನ್ನ ಬಿಟ್ಟೇನಿ ಅಂತ ಹ್ಯಾಂಗ ಅನ್ಲಿ?"

"ಹಂಗಾರ ಜಾಗಾ ಇಲ್ಲ."

ನನ್ನ ಬಾಯಿಂದ ಬಂದೇಬಿಟ್ಟಿತು — "ಅಪ್ಪಾ, ಆ ಕೆಂಪು ಕೋಳಿ ಆಕೀದು. ಸುಗ್ಗಿ ಹಬ್ಬಕ್ಕ ಆಕಿನಽ ತಂದು ಕೊಟ್ಟಾಕಿ."

ಅಪ್ಪ ಬುಟ್ಟಿ ನೋಡಿದರು. ಆಮೇಲೆ ನನ್ನನ್ನು. "ಬಿ.ಎ. ಸಾಹೇಬ್ರ, ಸವಾಲಿನ್ಯಾಗ ತಗೊಂಡಿದ್ದು. ಈಗ ನಂದು. ಹತ್ರಿ ಬಂಡಿ."

ಸಾಬವ್ವ ಇಷ್ಟೇ ಅಂದಳು: "ತೋಯಿಸಬ್ಯಾಡ್ರಿ. ತೋಯ್ದ್ರ ತತ್ತಿ ಇಡೂದಿಲ್ಲ ಅದು."

ಹತ್ತಿದೆ. ಹೌದು, ಹತ್ತಿದೆ.

ಮಧ್ಯಾಹ್ನದವರೆಗೆ ಹಿಂದೆ ಬರುತ್ತಿದ್ದಳು. ಮಳೆ ಬಂತು. ಆಮೇಲೆ ಕಾಣಲಿಲ್ಲ.

ಈಗ ಅಪ್ಪನ ಪ್ರಾರ್ಥನೆ ಮುಗಿಯಿತು. ನಮ್ಮನ್ನು ಕ್ರಿಸ್ತನನ್ನು ಬಿಟ್ಟ ಅಂಥವರಂತೆ ಮಾಡಲಿಲ್ಲವಲ್ಲ ಎಂದು ದೇವರಿಗೆ ಸ್ತೋತ್ರ. ಬುಟ್ಟಿಯಲ್ಲಿ ತತ್ತಿ. "ನೋಡು, ದೇವ್ರು ದಾರ್ಯಾಗೂ ಕೊಡ್ತಾನ!" ಬೇಯಿಸಿ ಅರ್ಧ ನನಗೆ ಕೊಟ್ಟರು. ಬಾಯಲ್ಲಿಟ್ಟೆ... ಉಗುಳಿದೆ.

ಕೋಳಿಯನ್ನು ಬುಟ್ಟಿಯಿಂದ ತೆಗೆದು ಪಕ್ಕದಲ್ಲಿ ಕಟ್ಟಿಕೊಂಡು ಕೂತಿದ್ದೇನೆ. ರೊಟ್ಟಿ ಗಂಟು ಕಟ್ಟಿದ್ದೇನೆ. ಅಪ್ಪ ನೋಡಿದರು. "ಎಲ್ಲಿಗಿ?" ಅಂತಾರೆ. ಹಿಂದಕ್ಕೆ, ಸಾಬವ್ವನ ಕಡೆ, ಅಂದೆ. ಕೇಳಿಸಲಿಲ್ಲವೇನೋ. ಎದ್ದು ಬರುತ್ತಿದ್ದಾರೆ. ಈ ಸಲ ಗಟ್ಟಿಯಾಗಿ ಹೇಳಬೇಕು —